ಏಳನೇ ನಿಯಮ ಮತ್ತು ಹಳದಿ ಅಂಚೆಪೆಟ್ಟಿಗೆ

2019ರ ಮಾರ್ಚ್ 12, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. 114ನೇ ಕೋಣೆಯ ಬೀಗ ತೆಗೆದು ಒಳಗೆ ಹೋದಾಗ ಮೇಜಿನ ಮೇಲಿದ್ದ ಮೂರು ದೀಪಗಳು ಕಾಣಲಿಲ್ಲ. ಅವು ಎಲ್ಲಿ ನಿಲ್ಲಬೇಕೆಂದು ನಾನೇ ಸೀಮೆಸುಣ್ಣದಲ್ಲಿ ಮೂರು ವೃತ್ತ ಬರೆದಿದ್ದೆ. ಈಗ ವೃತ್ತಗಳಷ್ಟೇ ಉಳಿದಿದ್ದವು. ನಡುವೆ ರಟ್ಟಿನಲ್ಲಿ ಕಟ್ಟಿದ ಪೇಟೆ ಚೌಕ, ಅದರ ಮಧ್ಯೆ ಒಂದು ಕಾಲನ್ನು ಎತ್ತಿ ನಿಂತ ಹಳದಿ ಅಂಚೆಪೆಟ್ಟಿಗೆ. ಪೆಟ್ಟಿಗೆಯ ಬೆನ್ನಿಗೆ ಒಂದು ಕಾಗದ ಒರಗಿಸಿಟ್ಟಿತ್ತು: ‘ಪರೀಕ್ಷೆಯ ಚೀಟಿ ಇಲ್ಲ. ಕೆಳಗೆ ಇಟ್ಟಿದ್ದೇನೆ. ಚೋಖೆ.’

ಕಾಗದ ಒರಗಿಸಿದ್ದರಿಂದ ಅಂಚೆಪೆಟ್ಟಿಗೆ ಎರಡು ಮಿಲಿಮೀಟರ್ ಸರಿದಿತ್ತು. ದೀಪ ಹೋದದ್ದಕ್ಕಿಂತ ಈ ಎರಡು ಮಿಲಿಮೀಟರ್ ನನ್ನನ್ನು ಹೆಚ್ಚು ಕೆರಳಿಸಿತು.

ನಾನು ಈ ಶಾಲೆಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಭೌತಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಗುರುವಾರ ಮಧ್ಯಾಹ್ನ ಪಾಠಗಳು ಮುಗಿದ ಮೇಲೆ ಆರನೇ ತರಗತಿಯ ಒಂಬತ್ತು ಮಕ್ಕಳೊಂದಿಗೆ ಒಂದೊಂದೇ ಚಿತ್ರ ತೆಗೆದು ಜೋಡಿಸುವ ಗೊಂಬೆ ಸಿನಿಮಾ ಮಾಡುತ್ತೇನೆ. ಅದಕ್ಕೆ ನಾವು ಕೊಂಡದ್ದು ಅಂಟು ಮಾತ್ರ. ಮನೆಮನೆಗಳ ಡ್ರಾಯರುಗಳಲ್ಲಿ ಸತ್ತಂತೆ ಬಿದ್ದಿದ್ದ ಏಳು ಹಳೆಯ ಮೊಬೈಲುಗಳು ಬಂದವು, ಎರಡರ ಗಾಜು ಒಡೆದಿತ್ತು. ಜಾಮ್ ಬಾಟಲಿ, ಅಡಿಪಟ್ಟಿ ಮತ್ತು ಬಟ್ಟೆ ಕ್ಲಿಪ್ಪುಗಳಿಂದ ಅವುಗಳಿಗೆ ಕಾಲುಗಳಾದವು. ಚಿತ್ರಗಳನ್ನು ಜೋಡಿಸುವ ಪ್ರೋಗ್ರಾಂ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿತು. ಮೊಟ್ಟೆಯ ಟ್ರೇಗಳನ್ನು ಒಳಗೆ ಅಂಟಿಸಿದ ಹಳೆಯ ಕಪಾಟು ನಮ್ಮ ಧ್ವನಿ ಕೋಣೆ. ಇಷ್ಟರಲ್ಲೇ ಮಕ್ಕಳು ಏನೆಲ್ಲ ಮಾಡಬಲ್ಲರು ಎಂಬುದನ್ನು ಕಂಡು ನಾನು ಬೆರಗಾಗಿದ್ದೆ. ಆದರೆ ಈ ಪುಕ್ಕಟೆ ವಸ್ತುಗಳಿಗೆ ಅನುಮತಿ ಪಡೆಯಲು ನಾನು ತೆತ್ತ ಸಮಯವನ್ನು ಯಾರೂ ಪುಕ್ಕಟೆ ಎನ್ನಲಾರರು.

ಮೊದಲು ಮೊಬೈಲಿನ ಪ್ರಶ್ನೆ. ನಮ್ಮ ಶಾಲೆಯಲ್ಲಿ ಮೊಬೈಲಿಗೆ ನಿಷೇಧವಿದೆ. ಸಿಮ್ ಇಲ್ಲದ ಮೊಬೈಲು ಮೊಬೈಲು ಹೌದೋ ಅಲ್ಲವೋ ಎಂದು ಅಕ್ಟೋಬರಿನ ಶಿಕ್ಷಕರ ಸಭೆ ಐವತ್ತೈದು ನಿಮಿಷ ಚರ್ಚಿಸಿತು. ‘ಕ್ಯಾಮೆರಾ’ ಎಂದು ಬರೆದ ಬಿಳಿ ಚೀಟಿ ಅಂಟಿಸಿದರೆ ಅದು ಕ್ಯಾಮೆರಾ ಎಂದು ಕೊನೆಗೆ ನಿರ್ಣಯವಾಯಿತು. ಅಂದಿನಿಂದ ಮಕ್ಕಳು ಅವನ್ನು ಕ್ಯಾಮೆರಾ ಒಂದು, ಕ್ಯಾಮೆರಾ ಎರಡು ಎಂದೇ ಕರೆಯುತ್ತಾರೆ, ಮನೆಯಲ್ಲೇ ಚಾರ್ಜ್ ಮಾಡಿ ತರುತ್ತಾರೆ.

ಆಮೇಲೆ ಗುಂಪಿನ ಹುಡುಗ ಕುರ್ಟ್‌ನ ಹೆಬ್ಬೆರಳಿನ ಪ್ರಶ್ನೆ. ಮಕ್ಕಳ ಮುಖ ಸಿನಿಮಾದಲ್ಲಿ ಬರಬಾರದು, ಹೆಸರೂ ಬರಬಾರದು. ತಂದೆತಾಯಿ ನಾಲ್ಕು ಪುಟದ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ್ದರೆ ಮಾತ್ರ ಬರಬಹುದು. ಕುರ್ಟ್‌ನ ಅಮ್ಮ ಸಹಿ ಮಾಡಿರಲಿಲ್ಲ. ಸಿನಿಮಾದ 214ನೇ ಚಿತ್ರದಲ್ಲಿ ಅವನ ಹೆಬ್ಬೆರಳು ಅಚಾನಕ್ಕಾಗಿ ಸಿಕ್ಕಿಬಿತ್ತು. ಅದರ ಮೇಲೆ ಚಾಕು ತಾಗಿದ ಗುರುತಿತ್ತು. ಗುರುತಿರುವ ಬೆರಳು ಗುರುತು ಹಿಡಿಯಬಹುದಾದ ಬೆರಳು ಎಂದು ಮುಖ್ಯೋಪಾಧ್ಯಾಯಿನಿ ರೆಂಚ್ ನಿರ್ಧರಿಸಿದರು. ಅಂದಿನಿಂದ ಕುರ್ಟ್ ಕೆಂಪು ಉಣ್ಣೆಯ ಕೈಗವಸು ಹಾಕಿಕೊಂಡು ಕೆಲಸ ಮಾಡುತ್ತಿದ್ದಾನೆ. ಒಂದು ಸಲ ಅದೂ ಚಿತ್ರದಲ್ಲಿ ಸಿಕ್ಕಿತು. ಮಕ್ಕಳು ಅದನ್ನು ಅಳಿಸಲಿಲ್ಲ, ಪೇಟೆಯಲ್ಲಿ ಅಡ್ಡಾಡುವ ಕೆಂಪು ಪ್ರಾಣಿಯಾಗಿ ಕಥೆಗೆ ಸೇರಿಸಿಕೊಂಡರು.

ಕಥೆ ಯೆಟ್ಟೆಯದು. ಹನ್ನೆರಡು ವರ್ಷದ ಹುಡುಗಿ, ಎಲ್ಲ ಪಾಠಗಳಲ್ಲೂ ಪುಸ್ತಕದ ಅಂಚಿನಲ್ಲಿ ಚಿತ್ರ ಬರೆಯುತ್ತಾಳೆ, ನನ್ನ ಪಾಠದಲ್ಲೂ. ಅವಳ ಬೀದಿಯ ಕೊನೆಯಲ್ಲಿದ್ದ ಹಳದಿ ಅಂಚೆಪೆಟ್ಟಿಗೆಯನ್ನು ಕಾಗದ ಹಾಕುವವರು ಕಡಿಮೆಯಾದರೆಂದು ಕಿತ್ತುಕೊಂಡು ಹೋಗಿದ್ದರು. ಅವಳ ಸಿನಿಮಾದಲ್ಲಿ ಪೆಟ್ಟಿಗೆಯು, ಕೀಳುವವರು ಬರುವ ಮೊದಲೇ, ಕಾಲು ಬೆಳೆಸಿಕೊಂಡು ಕಾಗದ ಹುಡುಕುತ್ತ ಹೊರಡುತ್ತದೆ. ಕೊನೆಯ ದೃಶ್ಯದಲ್ಲಿ ಅದು ಬಾಯಿ ತೆರೆಯುತ್ತದೆ, ಅಷ್ಟು ವರ್ಷ ಯಾರೂ ತೆಗೆದುಕೊಂಡು ಹೋಗದೆ ಒಳಗೇ ಉಳಿದ ಕಾಗದಗಳೆಲ್ಲ ಹೊರಗೆ ಹಾರುತ್ತವೆ. ಸೆಕೆಂಡಿಗೆ ಹನ್ನೆರಡು ಚಿತ್ರ, ಈ ದೃಶ್ಯವೊಂದಕ್ಕೇ ಎಂಟು ಸೆಕೆಂಡು, ಅಂದರೆ 96 ಚಿತ್ರ. ನಾವು 49 ತೆಗೆದಿದ್ದೆವು. ಇನ್ನು 47 ಉಳಿದಿದ್ದವು.

ಆ 47 ಚಿತ್ರಗಳಿಗೆ ಶನಿವಾರ ಬೆಳಿಗ್ಗೆ ಹತ್ತು ಗಂಟೆ ಗಡುವಾಗಿತ್ತು. ಅಂದು ಹೊಸ ಮಕ್ಕಳು, ಅವರ ತಂದೆತಾಯಿ ಶಾಲೆ ನೋಡಲು ಬರುತ್ತಾರೆ. ಮುಗಿದ ಸಿನಿಮಾ ಅಂದು ಗೋಡೆಯ ಮೇಲೆ ಓಡಿದರೆ ನಮ್ಮ ಗುಂಪು ಮುಂದಿನ ವರ್ಷವೂ ಇರುತ್ತದೆ. ಓಡದಿದ್ದರೆ ಗುಂಪು ನಿಂತು 114ನೇ ಕೋಣೆ ಹೊಸ ಡಿಜಿಟಲ್ ಬೋರ್ಡಿಗೆ ಹೋಗುತ್ತದೆ. ಇದು ರೆಂಚ್ ಅವರ ತೀರ್ಮಾನ. ಆ ಬೋರ್ಡು ನವೆಂಬರಿನಲ್ಲಿ ಬಂದದ್ದು, ಇನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಕಾರಿಡಾರಿನಲ್ಲಿ ಗೋಡೆಗೆ ಒರಗಿತ್ತು. ಗೋಡೆ ಅದರ ಭಾರ ತಡೆಯುತ್ತದೆಂದು ಬರೆದುಕೊಡುವ ಎಂಜಿನಿಯರು ಇನ್ನೂ ಬಂದಿರಲಿಲ್ಲ.

ನಾನು ನೆಲಮಾಳಿಗೆಗೆ ಇಳಿದೆ. ಕಟ್ಟಡದ ಉಸ್ತುವಾರಿ ಚೋಖೆ ಬಾಯ್ಲರಿನ ಪಕ್ಕದ ತಮ್ಮ ಮೇಜಿನ ಬಳಿ ಕೂತು ಬ್ರೆಡ್ಡಿಗೆ ಮೆತ್ತನೆಯ ಸಾಸೇಜ್ ಸವರುತ್ತಿದ್ದರು. ಅರವತ್ತರ ಹತ್ತಿರದ ಮನುಷ್ಯ, ಹತ್ತೊಂಬತ್ತು ವರ್ಷಗಳಿಂದ ಇಲ್ಲಿದ್ದಾರೆ. ನಾನು ನಮಸ್ಕಾರ ಕೂಡ ಹೇಳಲಿಲ್ಲ.

“ದೀಪ ಯಾಕ್ರೀ ತೆಗೆದ್ರಿ?”

“ಚೀಟಿ ಇರ್ಲಿಲ್ಲ.”

“ನಾಲ್ಕು ತಿಂಗಳಿಂದ ಅಲ್ಲೇ ಇದ್ವಲ್ಲ!”

“ನಾಲ್ಕು ತಿಂಗಳಿಂದ್ಲೂ ಚೀಟಿ ಇರ್ಲಿಲ್ಲ. ನಾನು ನೋಡಿದ್ದು ನಿನ್ನೆ.”

“ಶನಿವಾರದ ತನಕ ಬಿಟ್ಟುಬಿಡಿ. ಆಮೇಲೆ ಬೇಕಾದ್ರೆ ಬಾಯ್ಲರ್‌ಗೆ ಹಾಕಿ.”

“ನಂಗ್ಯಾಕೆ ಹೇಳ್ತೀರಿ, ಹೆರ್ ಹೆಂಪೆಲ್? ಅದಕ್ಕೆ ಹೇಳಿ.” ನನ್ನ ಹೆಸರಿಗೆ ‘ಹೆರ್’, ಅಂದರೆ ‘ಶ್ರೀಯುತ’, ಸೇರಿಸಿಯೇ ಮಾತಾಡುವ ಚೋಖೆ ಸಾಸೇಜಿನ ಚಾಕುವಿನಿಂದ ಗೋಡೆಯನ್ನು ತೋರಿಸಿದರು. ಅಲ್ಲಿ ಶಾಲೆಯ ಸುರಕ್ಷತಾ ನಿಯಮಗಳ ಹಾಳೆ ತೂಗುತ್ತಿತ್ತು. “ಏಳನೇದು. ಓದಿ. ನಿಮ್ಗೆ ಕನ್ನಡಕ ಬೇಕಾ?”

ಓದುವ ಅಗತ್ಯವಿರಲಿಲ್ಲ. ‘ಹೊರಗಿನಿಂದ ತಂದ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಯಾವುದೇ ಸಾಧನವನ್ನು ಅರ್ಹ ಎಲೆಕ್ಟ್ರಿಷಿಯನ್ ಪರೀಕ್ಷಿಸಿ ಚೀಟಿ ಅಂಟಿಸುವವರೆಗೆ ಶಾಲೆಯಲ್ಲಿ ಬಳಸತಕ್ಕದ್ದಲ್ಲ.’ ಕೆಳಗೆ 2011ರ ತಾರೀಕು, ಅದರ ಕೆಳಗೆ ಸುರಕ್ಷತೆಯ ಹೊಣೆ ಹೊತ್ತ ಶಿಕ್ಷಕರ ಸಹಿ. ಆ ಸಹಿ ನನ್ನದು. ಆ ವರ್ಷ ಶಿಕ್ಷಕರ ಕೋಣೆಯಲ್ಲಿ ಯಾರೋ ಮನೆಯಿಂದ ತಂದ ಕಾಫಿ ಯಂತ್ರಕ್ಕೆ ಬೆಂಕಿ ಹತ್ತಿತ್ತು. ನಾನು ಒಂದು ವಾರ ಕೂತು ಪದ ಪದ ತೂಗಿ ಆ ವಾಕ್ಯ ಬರೆದಿದ್ದೆ, ಎಲ್ಲೂ ನುಸುಳಲು ಸಂದಿಯಿಲ್ಲ ಎಂದು ಹೆಮ್ಮೆಪಟ್ಟಿದ್ದೆ.

“ಚೆನ್ನಾಗ್ ಬರ್ದಿದೀರಿ,” ಎಂದು ಹೇಳಿ ಚೋಖೆ ಬ್ರೆಡ್ಡನ್ನು ಕಚ್ಚಿದರು.

ಬುಧವಾರ ಪುರಸಭೆಯ ಶಾಲಾ ವಿಭಾಗಕ್ಕೆ ಫೋನ್ ಮಾಡಿದೆ. ಆಚೆಯಿಂದ ಒಬ್ಬ ಮಹಿಳೆ ಬಹಳ ವಿನಯದಿಂದ ಮಾತಾಡಿದರು.

“ಪರೀಕ್ಷೆ ಮಾಡೋ ಕಂಪನಿಯವ್ರು ಅಕ್ಟೋಬರ್‌ನಲ್ಲಿ ಬರ್ತಾರೆ.”

“ನಂಗೆ ನಾಳೆ ಬೇಕು.”

“ಹಾಗಾದ್ರೆ ವಿಶೇಷ ಅರ್ಜಿ. ಫ್ಯಾಕ್ಸ್ ಮಾಡಿ.”

“ಇಮೇಲ್ ಆಗಲ್ವಾ?”

“ಇಮೇಲ್‌ಗೆ ಸಹಿ ಎಲ್ಲಿರತ್ತೆ, ಹೇಳಿ?”

ನಮ್ಮ ಫ್ಯಾಕ್ಸ್ ಯಂತ್ರದಲ್ಲಿ ಶಾಯಿ ಮುಗಿದಿತ್ತು. ಪಕ್ಕದ ಔಷಧಿ ಅಂಗಡಿಗೆ ಹೋಗಿ ಅಲ್ಲಿಂದ ಕಳಿಸಿದೆ. ಗುರುವಾರ ಬೆಳಿಗ್ಗೆ ಅದೇ ಔಷಧಿ ಅಂಗಡಿಗೆ ಉತ್ತರ ಬಂತು: ನಾನು ಬಳಸಿದ ನಮೂನೆ ಹಿಂದಿನ ವರ್ಷದ್ದು, ಹೊಸ ನಮೂನೆಯಲ್ಲಿ ಮತ್ತೆ ಕಳಿಸಬೇಕು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಮೇಲಿನ ತಾರೀಕು ಬಿಟ್ಟರೆ ಒಂದು ಅಕ್ಷರವೂ ಬೇರೆಯಿರಲಿಲ್ಲ.

ರೆಂಚ್ ಅವರ ಬಳಿ ಹೋದೆ. “ಅಷ್ಟು ಕಷ್ಟ ಯಾಕೆ ಪಡ್ತೀರಿ?” ಎಂದರು. “ಹೊಸ ಬೋರ್ಡ್ ಮುಂದೆ ಮಕ್ಕಳನ್ನ ನಿಲ್ಸಿ ಒಂದು ಫೋಟೋ ತೋರ್ಸಿದ್ರೆ ಸಾಕಾಗಲ್ವಾ?”

“ಮಕ್ಕಳ ಮುಖ ತೋರ್ಸೋ ಹಾಗಿಲ್ವಲ್ಲ, ಫ್ರಾವ್ ರೆಂಚ್.”

“ಓ, ಹೌದಲ್ವಾ. ಬೆನ್ನು ತೋರ್ಸಿ.”

ಗುರುವಾರ ಎರಡು ಗಂಟೆ ಹತ್ತು ನಿಮಿಷಕ್ಕೆ ಒಂಬತ್ತು ಮಕ್ಕಳೂ ಮೇಜಿನ ಸುತ್ತ ನಿಂತರು. ನಾನು ನಡೆದದ್ದನ್ನೆಲ್ಲ ಹೇಳಿದೆ. ನಿಯಮ ಯಾರು ಬರೆದದ್ದು ಎಂಬುದೊಂದನ್ನು ಬಿಟ್ಟೆ.

“ಕಿಟಕಿ ಬೆಳಕಲ್ಲಿ ತೆಗೆಯೋಣ,” ಎಂದ ಕುರ್ಟ್. ಐದು ಚಿತ್ರ ತೆಗೆದೆವು. ಮೋಡ ಬಂತು, ಹೋಯಿತು, ಮತ್ತೆ ಬಂತು. ಓಡಿಸಿ ನೋಡಿದರೆ ಪೇಟೆ ಚೌಕದಲ್ಲಿ ಮಿಂಚು ಹೊಡೆದಂತಿತ್ತು. ಕುರ್ಟ್ ತನ್ನ ಸೈಕಲ್ ದೀಪ ಬಿಚ್ಚಿಕೊಂಡು ಬಂದ. ಅದಕ್ಕೆ ಪ್ಲಗ್ ಇರಲಿಲ್ಲ, ನಿಯಮ ತಾಗುತ್ತಿರಲಿಲ್ಲ. ಬೆಳಕು ನಾಣ್ಯದಷ್ಟು ಅಗಲ ಬಿತ್ತು.

“ಅಂಚೆಪೆಟ್ಟಿಗೆಗೆ ಟಾರ್ಚ್ ಹಾಕಿ ಪೊಲೀಸ್ರು ಹಿಡ್ದಂಗಿದೆ,” ಎಂದು ಯಾರೋ ನಕ್ಕರು.

“ನೀನು ಕೈಗವಸು ಹಾಕ್ಕೊಳ್ಳೋ, ನಿನ್ ಹೆಬ್ಬೆರಳು ಜೈಲಿಗ್ ಹೋಗತ್ತೆ,” ಎಂದ ಇನ್ನೊಬ್ಬ.

ಯೆಟ್ಟೆ ನಗಲಿಲ್ಲ. ಬಾಗಿಲ ಪಕ್ಕದಲ್ಲಿದ್ದ ನಿಯಮಗಳ ಹಾಳೆಯ ಮುಂದೆ ನಿಂತು ಓದುತ್ತಿದ್ದಳು. ಪ್ರತಿ ಕೋಣೆಯಲ್ಲೂ ಒಂದೊಂದು ತೂಗಬೇಕೆಂದು ಹಟ ಹಿಡಿದವನೂ ನಾನೇ.

“ಹೆರ್ ಹೆಂಪೆಲ್, ಇಲ್ಲಿ ನಿಮ್ ಹೆಸ್ರಿದೆ.”

“ಹೌದು.”

“ನೀವೇ ಬರ್ದಿದ್ದಾ?”

“ಹೌದು.”

“ಹಾಗಾದ್ರೆ ಅಳ್ಸಿ.” ಕುರ್ಟ್ ರಬ್ಬರ್ ಹುಡುಕತೊಡಗಿದ.

“ಹಂಗೆಲ್ಲ ಅಳ್ಸಕ್ಕಾಗಲ್ಲ. ಸಭೆ ಆಗ್ಬೇಕು, ಆಮೇಲೆ...”

“ಅರ್ಹ ಎಲೆಕ್ಟ್ರಿಷಿಯನ್ ಅಂದ್ರೆ ಯಾರು?” ಯೆಟ್ಟೆ ನನ್ನ ಮಾತು ಕತ್ತರಿಸಿದಳು.

“ಪರೀಕ್ಷೆ ಮಾಡೋ ಕಂಪನಿಯವ್ರು. ಅಕ್ಟೋಬರ್‌ನಲ್ಲಿ ಬರೋರು.”

“ಕಂಪನಿ ಅಂತ ಬರ್ದಿಲ್ವಲ್ಲ ಇಲ್ಲಿ.”

“ಬರ್ದಿಲ್ಲ. ಆದ್ರೆ ಅದೇ ಅರ್ಥ.”

“ನೀವೇ ತಾನೆ ಹೇಳೋದು, ಪರೀಕ್ಷೆಲಿ ಪ್ರಶ್ನೆ ಏನ್ ಕೇಳಿದ್ಯೋ ಅಷ್ಟೇ ಓದಿ ಅಂತ?” ಅವಳು ಹಾಳೆಯನ್ನು ಮೊಳೆಯಿಂದ ತೆಗೆದು ಕಂಕುಳಲ್ಲಿಟ್ಟುಕೊಂಡಳು. “ಹೆರ್ ಚೋಖೆಗೆ ಕೇಳ್ತೀನಿ. ಅವ್ರಿಗೆ ಯಾರಾದ್ರೂ ಗೊತ್ತಿರ್ಬಹುದು.”

“ಅವ್ರೇ ತಗೊಂಡ್ ಹೋಗಿರೋದು ಯೆಟ್ಟೆ, ಅವ್ರನ್ನ ಕೇಳಿ ಏನ್ ಪ್ರಯೋಜನ?” ಎನ್ನುವಷ್ಟರಲ್ಲಿ ಅವಳು ಮೆಟ್ಟಿಲಿಳಿಯುತ್ತಿದ್ದಳು. ಉಳಿದ ಎಂಟು ಮಕ್ಕಳು ಹಿಂದೆ ಓಡಿದರು. ಮಕ್ಕಳನ್ನು ಅವರಷ್ಟಕ್ಕೇ ಬಿಡುವ ಹಾಗಿಲ್ಲವಾದ್ದರಿಂದ ನಾನೂ ಇಳಿದೆ.

ನಾನು ತಲುಪುವ ಹೊತ್ತಿಗೆ ಯೆಟ್ಟೆ ಚೋಖೆಯವರ ಮೇಜಿನ ಮುಂದೆ ಹಾಳೆ ಹಿಡಿದು ನಿಂತಿದ್ದಳು.

“ನಮಸ್ಕಾರ, ಹೆರ್ ಚೋಖೆ. ನಿಮ್ಗೆ ಯಾರಾದ್ರೂ ಅರ್ಹ ಎಲೆಕ್ಟ್ರಿಷಿಯನ್ ಗೊತ್ತಾ?”

“ಗೊತ್ತು.”

“ಯಾರು?”

“ನಾನು.”

ಚೋಖೆ ಕೆಳಗಿನ ಡ್ರಾಯರಿನಿಂದ ಒಂದು ಕಂದು ಪುಸ್ತಕ ತೆಗೆದು ಮೇಜಿನ ಮೇಲೆ ಹಾಕಿದರು. ಅದರಲ್ಲಿ ಎಲ್ಲವೂ ದಾಖಲಾಗಿತ್ತು: ಬೌಟ್ಸೆನ್ ಪಟ್ಟಣದ ರೈಲು ಬೋಗಿ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಎಲೆಕ್ಟ್ರಿಷಿಯನ್, ಆಮೇಲೆ ಪರೀಕ್ಷಕನ ತರಬೇತಿ. ಅದನ್ನು ಪ್ರತಿ ವರ್ಷ ಹೊಸದಾಗಿಸಿದ ಮುದ್ರೆಗಳು, ಕೊನೆಯದು ಹಿಂದಿನ ಸೆಪ್ಟೆಂಬರಿನದು. ಕಪಾಟಿನಲ್ಲಿ ಅಳೆಯುವ ಯಂತ್ರವೂ ಇತ್ತು, ಪಕ್ಕದಲ್ಲಿ ಚೀಟಿಗಳ ಸುರುಳಿ.

“ಮತ್ತೆ ಮಂಗಳವಾರಾನೇ ಯಾಕ್ರೀ ಹೇಳ್ಲಿಲ್ಲ? ಎರಡು ದಿನ ನಾನು ಔಷಧಿ ಅಂಗಡೀಲಿ ಫ್ಯಾಕ್ಸ್ ಮಾಡ್ತಾ ನಿಂತಿದ್ದೆ!”

“ನೀವ್ ಕೇಳ್ಲಿಲ್ಲ.”

“ಕೇಳೋದೇನ್ರೀ ಅದ್ರಲ್ಲಿ! ಇಂಥದ್ದನ್ನ ಹೇಳ್ಬೇಕಲ್ವಾ?”

“ಹೆರ್ ಹೆಂಪೆಲ್, ನೀವು ಕೆಳಗ್ ಬರೋದು ವರ್ಷಕ್ಕೆ ನಾಲ್ಕು ಸಲ. ನಾಲ್ಕೂ ಸಲ ಕೂಗಾಡ್ಕೊಂಡೇ. ನಿಯಮ ಬರೆಯೋವಾಗ ಬಂದು, ‘ಚೋಖೆ, ಈ ಕೆಲ್ಸ ಯಾರ್ ಮಾಡ್ಬಹುದು’ ಅಂತ ಒಂದು ಮಾತು ಕೇಳಿದ್ರಾ? ಎಂಟು ವರ್ಷ ಆಯ್ತು. ನಾನೂ ನೋಡೋಣ ಅಂತ ಕಾಯ್ತಾ ಇದ್ದೆ.”

ಎಂಟು ವರ್ಷ. ತರಗತಿಯಲ್ಲಿ ನಾನು ಮಕ್ಕಳಿಗೆ ಹೇಳುವ ಮೊದಲ ಪಾಠವೇ ಇದು: ಊಹಿಸುವ ಮೊದಲು ಹತ್ತಿರ ಇರುವುದನ್ನು ಅಳೆಯಿರಿ.

“ಈಗ ಕೇಳ್ತಿದೀನಿ,” ಎಂದೆ. “ಪರೀಕ್ಷೆ ಮಾಡ್ತೀರಾ?”

“ನೀವಲ್ಲ ಕೇಳಿದ್ದು, ಈ ಹುಡುಗಿ. ಬಾಮ್ಮಾ, ಆ ದೀಪಗಳನ್ನ ತಗೊಂಡ್ ಬಾ.”

ಮೊದಲ ದೀಪ ಕುರ್ಟ್‌ನ ಅಜ್ಜಿಯದು. ಚೋಖೆ ತಂತಿಯನ್ನು ಬೆರಳಿನಿಂದ ನೇವರಿಸುತ್ತ ಹೋಗಿ ಒಂದು ಕಡೆ ನಿಂತರು. ರಬ್ಬರು ಸೀಳಿ ಒಳಗಿನ ತಾಮ್ರ ಇಣುಕುತ್ತಿತ್ತು. ನಾಲ್ಕು ತಿಂಗಳು ಒಂಬತ್ತು ಮಕ್ಕಳ ಕೈಗಳು ಅದರ ಪಕ್ಕದಲ್ಲೇ ಓಡಾಡಿದ್ದವು. ಚೋಖೆ ನನ್ನ ಮುಖ ನೋಡಿ ಎರಡನೆಯ ದೀಪ ಎತ್ತಿಕೊಂಡರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅದರ ಸ್ವಿಚ್ಚು ಸಡಿಲವಾಗಿತ್ತು. ಮೂರನೆಯದು ಮಾತ್ರ ತೇರ್ಗಡೆಯಾಯಿತು.

“ಒಂದ್ರಲ್ಲಿ ಆಗಲ್ಲ,” ಎಂದಳು ಯೆಟ್ಟೆ. “ಕಾಗದ ಹಾರೋದು ಕಾಣ್ಸಲ್ಲ.”

ಚೋಖೆ ಎದ್ದು ಬಾಯ್ಲರಿನ ಹಿಂದೆ ಹೋದರು. ಏನನ್ನೋ ಎಳೆಯುವ ಸದ್ದಾಯಿತು. ಹೊದಿಸಿದ್ದ ಹಳೆಯ ಪರದೆ ಸರಿಸಿದಾಗ ಪಾಲಿಲಕ್ಸ್ ಕಾಣಿಸಿತು: ಕೆಳಗೆ ದೀಪ, ಮೇಲೆ ಗಾಜು, ಗಾಜಿನ ಮೇಲೆ ಬರೆದದ್ದನ್ನು ಗೋಡೆಗೆ ಬೀರುವ ಆ ಕಬ್ಬಿಣದ ಪೆಟ್ಟಿಗೆ. ನಾನು ಓದುವಾಗ ಪ್ರತಿ ತರಗತಿಯಲ್ಲೂ ಒಂದಿತ್ತು. ಮಕ್ಕಳು ಅದನ್ನು ನೋಡೇ ಇರಲಿಲ್ಲ.

“ಇದೇನು, ಅಡುಗೆ ಒಲೇನಾ?” ಎಂದ ಕುರ್ಟ್.

“ನಿಮ್ ಕಾರಿಡಾರ್‌ನಲ್ಲಿ ಪ್ಲಾಸ್ಟಿಕ್ ಹೊದ್ಕೊಂಡು ನಿಂತಿದ್ಯಲ್ಲ, ಅದರ ಅಜ್ಜ,” ಎಂದರು ಚೋಖೆ. “ಇವ್ನಿಗೆ ಗೋಡೆ ಮೇಲೆ ಹತ್ಸಕ್ಕೆ ಎಂಜಿನಿಯರ್ ಬೇಡ.”

ನಾನು ತಡೆಯಲಾರದೆ ಹೇಳಿದೆ: “ಆದ್ರೆ ಇದರ ಗಾಜಿನ ಮೇಲಿಟ್ಟು ತೆಗೆದ್ರೆ ಬೆಳಕು ಬದಲಾಗತ್ತೆ. 49ನೇ ಚಿತ್ರದ ತನಕ ಮೇಲಿಂದ ಬೆಳಕು, 50ರಿಂದ ಕೆಳಗಿಂದ. ಸಿನಿಮಾ ಅಲ್ಲೇ ಒಡೆದ ಹಾಗೆ ಕಾಣತ್ತೆ. ಇಡೀ ದೃಶ್ಯ ಮೊದಲಿಂದ ತೆಗೀಬೇಕು. ಸಮಯ ಇಲ್ಲ.”

ಯೆಟ್ಟೆ ನನ್ನತ್ತ ನೋಡಿದ ರೀತಿ, ನಾನು ಕೆಲವು ಸಲ ಮಕ್ಕಳನ್ನು ನೋಡುವ ರೀತಿ.

“ಹೆರ್ ಹೆಂಪೆಲ್, 50ರಲ್ಲಿ ಪೆಟ್ಟಿಗೆ ಬಾಯಿ ತೆರೆಯತ್ತೆ. ಅಲ್ಲಿ ಬೆಳಕು ಬದಲಾಗ್ಲೇಬೇಕು.”

ಚೋಖೆ ಪಾಲಿಲಕ್ಸ್ ಅನ್ನು ಅಳೆದು, ಚೀಟಿ ಅಂಟಿಸಿ, ವರದಿಯ ಕಾಗದ ಬರೆದು ಯೆಟ್ಟೆಯ ಕೈಗೆ ಕೊಟ್ಟರು. ಯಂತ್ರವನ್ನು 114ಕ್ಕೆ ಹೊತ್ತದ್ದು ನಾನು ಮತ್ತು ಅವರು. ಮೆಟ್ಟಿಲ ತಿರುವಿನಲ್ಲಿ ಇಬ್ಬರೂ ಏದುಸಿರು ಬಿಡುತ್ತ ನಿಂತಾಗ, “ಆ ಅಂಚೆಪೆಟ್ಟಿಗೆ ಎರಡು ಮಿಲಿಮೀಟರ್ ಸರ್ಸಿದ್ರಿ,” ಎಂದೆ. “ಕಾಗದ ಬೇರೆಲ್ಲಿ ಇಡ್ಲಿ? ಅಂಚೆಪೆಟ್ಟಿಗೆ ತಾನೆ ಅದು?” ಎಂದರು.

ಮಕ್ಕಳು ಅಂಚೆಪೆಟ್ಟಿಗೆಯನ್ನು ಗಾಜಿನ ಮೇಲೆ ಮಲಗಿಸಿದರು. ತೆಳು ಕಾಗದದಲ್ಲಿ ಕತ್ತರಿಸಿದ ನೂರಾರು ಪುಟ್ಟ ಲಕೋಟೆಗಳನ್ನು ಅದರ ಬಾಯಿಯಿಂದ ಕೂದಲೆಳೆಯಷ್ಟೇ ಸರಿಸುತ್ತ ಹೋದರು. ಕೆಳಗಿನಿಂದ ಬಂದ ಬೆಳಕು ಕಾಗದಗಳನ್ನು ಹಾಯ್ದಾಗ ಅವುಗಳ ಒಳಗೆ ಬರೆದ ಗೀಚುಗಳು ಹೊಳೆದವು. ಅವುಗಳ ಒಳಗೆಲ್ಲ ಮಕ್ಕಳು ನಿಜವಾಗಿ ಏನನ್ನೋ ಬರೆದಿದ್ದಾರೆಂದು ನನಗೆ ಆಗಲೇ ಗೊತ್ತಾದದ್ದು. ಶುಕ್ರವಾರ ಬೆಳಿಗ್ಗೆ ಶಾಲೆ ಶುರುವಾಗುವ ಮೊದಲೇ ಬಂದು ಉಳಿದದ್ದನ್ನು ತೆಗೆದರು. 47 ಚಿತ್ರವೂ ಮುಗಿಯಿತು.

ಹೆಸರಿನ ತೊಂದರೆಯೊಂದು ಉಳಿದಿತ್ತು. ಸಿನಿಮಾದ ಕೊನೆಯಲ್ಲಿ ಮಾಡಿದವರ ಹೆಸರು ಹಾಕಬೇಕೆಂದು ಮಕ್ಕಳಿಗೆ ಆಸೆ. ಒಂಬತ್ತರಲ್ಲಿ ಮೂರು ಮನೆಗಳಿಂದ ಒಪ್ಪಿಗೆ ಪತ್ರ ಬಂದಿರಲಿಲ್ಲ. ಆರು ಹೆಸರು ಹಾಕಿ ಮೂರನ್ನು ಬಿಡಲು ಯೆಟ್ಟೆ ಒಪ್ಪಲಿಲ್ಲ. “ಎಲ್ರದ್ದೂ ಇಲ್ದಿದ್ರೆ ಯಾರ್ದೂ ಬೇಡ,” ಎಂದಳು. ಆಮೇಲೆ ಯೋಚಿಸಿ, “ಹೆರ್ ಚೋಖೆಗೆ ಒಪ್ಪಿಗೆ ಪತ್ರ ಕೊಡಿ,” ಎಂದಳು. ಚೋಖೆ ನಾಲ್ಕೂ ಪುಟ ಓದಿ, ನಾಲ್ಕನೆಯದರಲ್ಲಿ ಒಂದು ಕಾಗುಣಿತದ ತಪ್ಪಿಗೆ ಗುರುತು ಹಾಕಿ, ಸಹಿ ಮಾಡಿದರು.

ಶನಿವಾರ ಹತ್ತು ಗಂಟೆಗೆ 114ರಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಶಾಲೆಯ ಹಳೆಯ ಪ್ರೊಜೆಕ್ಟರಿನಿಂದ, ಅದಕ್ಕೂ ಹೊಸ ಚೀಟಿ ಅಂಟಿಸಿ, ಬಿಳಿ ಗೋಡೆಯ ಮೇಲೆ ಸಿನಿಮಾ ಓಡಿಸಿದೆವು. ಕೆಂಪು ಕೈಗವಸು ಬಂದಾಗ ಪುಟ್ಟ ಮಕ್ಕಳು ಕಿರುಚಿದರು. ಪೆಟ್ಟಿಗೆ ಬಾಯಿ ತೆರೆದಾಗ ಇಡೀ ಗೋಡೆ ಬೆಳಗಿತು. ರೆಂಚ್ ಬಾಗಿಲಲ್ಲಿ ನಿಂತಿದ್ದರು. “ಬೋರ್ಡ್ ಬೇರೆ ಕೋಣೆಗೆ ಹಾಕಿಸ್ತೀನಿ ಬಿಡಿ,” ಎಂದರು ನನ್ನ ಕಿವಿಯಲ್ಲಿ. “ಆದ್ರೆ ಹೆಂಪೆಲ್, ಪ್ರೇಕ್ಷಕರನ್ನ ಯಾರೂ ಫೋಟೋ ತೆಗೀತಿಲ್ಲ ತಾನೆ?”

ಸಿನಿಮಾದ ಕೊನೆಯ ಚಿತ್ರದಲ್ಲಿ ಒಂದು ಮಗುವಿನ ಹೆಸರೂ ಇರಲಿಲ್ಲ. ಬಾಯಿ ತೆರೆದ ಅಂಚೆಪೆಟ್ಟಿಗೆಗೆ ಒರಗಿಸಿಟ್ಟ ಒಂದು ಕಾಗದವಿತ್ತು, ಮಂಗಳವಾರ ಚೋಖೆಯವರ ಕಾಗದ ನಿಂತಿದ್ದ ಜಾಗದಲ್ಲೇ. ಅದರ ಮೇಲೆ ನೀಲಿ ಶಾಯಿಯಲ್ಲಿ ಬರೆದಿತ್ತು: ‘ಪಾಲಿಲಕ್ಸ್. ಪರೀಕ್ಷಿಸಿದವರು: ಚೋಖೆ. ದಿನಾಂಕ: 14.03.2019. ಭೂಸಂಪರ್ಕ ತಂತಿಯ ರೋಧ, ಇರಬಹುದಾದ ಗರಿಷ್ಠ: 0.30 ಓಮ್. ಅಳೆದದ್ದು: 0.19 ಓಮ್.’